ಪರದೇಶದ ವಿದ್ಯಾರ್ಥಿಯ ಭಾನುವಾರ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ನಮ್ಮಲ್ಲಿ ಬಹು ಕಾಲದಿಂದ ನಡೆದು ಬಂದಿರುವ ಮಾತು. ಓದುವುದಕ್ಕಾಗಿಯೇ ತಾಯ್ನಾಡನ್ನು ಬಿಟ್ಟು ಬಂದ ವಿದ್ಯಾರ್ಥಿಯನ್ನು ಕಂಡಾಗ, ಈತನಿಗೆ ಈ ಎರಡೂ ಭಾಗ್ಯಗಳು ಒಮ್ಮೆಗೇ ಕೈಗೂಡಿದುವಲ್ಲ ಎಂದು ನಮಗೆ ತೋರುವುದು ಸಹಜ. ವಾಸ್ತವ ಸ್ಥಿತಿ ಬೇರೆ. ಪರದೇಶದಲ್ಲಿ ಓದುವವನು ಸಾವಿರಾರು ಮೈಲಿ ದಾಟಿ ಬಂದಿರುತ್ತಾನೆ, ನಿಜ. ಆದರೆ ಬಂದು ಸೇರಿದ ಮೇಲೆ ಬಾಡಿಗೆಯ ಕೋಣೆ, ಬಸ್ಸು, ತರಗತಿ, ಊಟದ ಹೋಟೆಲು ಈ ನಾಲ್ಕರ ನಡುವೆ ಅವನ ಜಗತ್ತು ಇಕ್ಕಟ್ಟಾಗಿಬಿಡುತ್ತದೆ. ವಾರದ ಆರು ದಿನ ಅವನು ವಿದ್ಯಾರ್ಥಿ. ಏಳನೆಯ ದಿನ ಮಾತ್ರ ಇನ್ನೊಂದು ನಾಡಿಗೆ ಬಂದ ಮನುಷ್ಯ. ಆ ಒಂದು ದಿನ ಅವನು ಗೆಳೆಯರೊಡನೆ ಎಲ್ಲಿಗೆ ಹೋಗುತ್ತಾನೆ, ಹೋದ ಕಡೆ ಅವನ ಪ್ರಶ್ನೆಗಳಿಗೆ ಯಾರು ಉತ್ತರ ಹೇಳುತ್ತಾರೆ ಎಂಬುದರ ಮೇಲೆ ಆ ನಾಡಿನ ಪರಿಚಯ ಅವನಿಗೆ ಆಯಿತೋ ಇಲ್ಲವೋ ಎಂಬುದು ನಿಂತಿದೆ. ನೋಡಲು ಸಣ್ಣದೆಂದು ತೋರುವ ಈ ವಿಷಯವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ನಾನು ಭೂಗೋಳದ ಪಾಠ ಹೇಳಿ ನಿವೃತ್ತನಾದವನು, ವಾಸ ವಿಜಯನಗರದಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪಿತವಾಯಿತು. 1973ರಲ್ಲಿ ಕೆಂಗೇರಿಯ ಈಚೆಗಿನ ಜ್ಞಾನಭಾರತಿಯ ವಿಶಾಲವಾದ ಆವರಣಕ್ಕೆ ಬಂದಿತು. ಅನಂತರ ಆ ಸುತ್ತಿನಲ್ಲಿ ಹಲವು ಕಾಲೇಜುಗಳು ಹುಟ್ಟಿಕೊಂಡವು. ಇವುಗಳನ್ನರಸಿ ಹೊರನಾಡುಗಳಿಂದ ವಿದ್ಯಾರ್ಥಿಗಳು ಬರುವುದು ನಡೆದೇ ಇದೆ. 1950ರಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದರು ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದಿಂದ ಕೆಲವರು ಬರುತ್ತಾರೆ. ತಂದೆತಾಯಿಗಳು ಕೂಡಿಟ್ಟ ಹಣದಿಂದ ಇನ್ನು ಕೆಲವರು. ನಮ್ಮ ಮನೆಯ ಮಹಡಿಯಲ್ಲಿರುವ ಎರಡು ಕೋಣೆಗಳಲ್ಲಿ ಅಂಥ ಹುಡುಗರು ಹಲವು ವರ್ಷಗಳಿಂದ ಬಂದು ಇದ್ದು ಹೋಗಿದ್ದಾರೆ.

ಈ ಬಡಾವಣೆಗಳಿಗೆ ಇನ್ನೊಂದು ಮುಖವೂ ಉಂಟು. ರಾಜಾಜಿನಗರದಲ್ಲಾಗಲಿ, ಬಸವೇಶ್ವರನಗರದಲ್ಲಾಗಲಿ, ಯಾವ ಬೀದಿಯಲ್ಲಿ ನಿಂತು ವಿಚಾರಿಸಿದರೂ ಮಗನೋ ಮಗಳೋ ಪರದೇಶದಲ್ಲಿ ಓದುತ್ತಿರುವ ಮನೆಗಳು ನಾಲ್ಕಾರು ಸಿಕ್ಕುತ್ತವೆ. ಅಲ್ಲಿಂದ ಫೋನು ಬರುವುದು ಸಾಮಾನ್ಯವಾಗಿ ಭಾನುವಾರ. ಆ ತಾಯಿ ಕೇಳುವ ಪ್ರಶ್ನೆಗಳನ್ನು ಗಮನಿಸಿ. 'ಪಾಠ ಹೇಗೆ ನಡೆಯುತ್ತಿದೆ?' ಎಂಬುದು ಆಮೇಲಿನ ಮಾತು. 'ಇವತ್ತು ಎಲ್ಲಿಗೆ ಹೋಗಿದ್ದೆ? ಜೊತೆಗೆ ಯಾರಿದ್ದರು? ಅಲ್ಲಿಯವರು ಯಾರಾದರೂ ಮನೆಗೆ ಕರೆದರೆ?' ಎಂಬುವು ಮೊದಲು ಬರುತ್ತವೆ. ಕರೆದರು ಎಂಬ ಉತ್ತರ ಬಂದಿತೆಂದರೆ ಆಕೆಗೆ ಆ ವಾರ ಸುಖವಾಗಿ ನಿದ್ರೆ ಬರುತ್ತದೆ. ಅದೇ ಬೀದಿಯ ನಾಲ್ಕನೆಯ ಮನೆಯ ಮಹಡಿಯಲ್ಲಿ ಇಥಿಯೋಪಿಯದ ಹುಡುಗಿಯೊಬ್ಬಳು ಅಥವಾ ನೇಪಾಳದ ಹುಡುಗನೊಬ್ಬ ತನ್ನ ತಾಯಿಗೆ ಇವೇ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುತ್ತಾನೆಂಬುದು ನಮ್ಮ ಮನಸ್ಸಿಗೆ ಬರುವುದೇ ಇಲ್ಲ. ನಾನು ಹೇಳಹೊರಟಿರುವ ಸಂಗತಿಯ ತಿರುಳು ಇಷ್ಟೆ. ಉಳಿದದ್ದೆಲ್ಲ ಇದರ ವಿವರಣೆ.

ವಾರದ ಕೊನೆಗೆ ಸಂಚಾರ ಹೊರಡುವುದು ಪಶ್ಚಿಮ ದೇಶಗಳ ವಿದ್ಯಾರ್ಥಿಜೀವನದಲ್ಲಿ ಒಂದು ಪದ್ಧತಿಯೇ ಆಗಿಹೋಗಿದೆ. ಜರ್ಮನಿಯಲ್ಲಿ 1995ರಲ್ಲಿ ರೈಲ್ವೆಯವರು ವಾರಾಂತ್ಯದ ಟಿಕೆಟ್ಟೊಂದನ್ನು ಹೊರತಂದರು. ಮೊದಲಿಗೆ ಅದರ ಬೆಲೆ 15 ಮಾರ್ಕು. ಸಾಮಾನ್ಯ ರೈಲುಗಳಲ್ಲಿ, ಒಂದೇ ಟಿಕೆಟ್ಟಿನಲ್ಲಿ ಐವರು ಕೂಡಿ ಎಷ್ಟು ದೂರ ಬೇಕಾದರೂ ಹೋಗಬಹುದಾಗಿತ್ತು. 2019ರವರೆಗೆ ಅದು ಬಳಕೆಯಲ್ಲಿತ್ತು. ಮೂವರಿದ್ದವರು ಖರ್ಚು ಹಂಚಿಕೊಳ್ಳಲು ಇನ್ನಿಬ್ಬರನ್ನು ಹುಡುಕಿಕೊಳ್ಳುತ್ತಿದ್ದರು. ಅಗ್ಗದ ಟಿಕೆಟ್ಟಿನ ನೆಪದಲ್ಲಿ ಅಪರಿಚಿತರು ಗೆಳೆಯರಾಗುತ್ತಿದ್ದರು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಹೊರನಾಡಿನ ವಿದ್ಯಾರ್ಥಿಗಳನ್ನು ಹಬ್ಬಕ್ಕೆ, ರಜೆಗೆ ಮನೆಗೆ ಕರೆಯಲು ಊರಿನ ಕುಟುಂಬಗಳೇ ಹೆಸರು ಕೊಟ್ಟಿರುತ್ತವೆ.

ಇಂಥ ಬಿಡುವಿನ ವೇಳೆಯಲ್ಲಿ ಏನು ಫಲಿಸೀತು ಎಂಬುದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ನಿದರ್ಶನವುಂಟು. 1960ರ ದಶಕದಲ್ಲಿ ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ತಮ್ಮ ಅಧ್ಯಾಪಕರಾದ ಮಾಲ್ಕಂ ಬ್ರಾಡ್ಬರಿಯವರೊಡನೆ ಸ್ವೀಡನ್ನಿನ ಬರ್ಗ್‌ಮನ್ನರ ಚಿತ್ರವೊಂದನ್ನು ನೋಡಲು ಹೋದರು. ಚಿತ್ರದ ಭಾಷೆ ಅವರಿಗೆ ತಿಳಿಯದು. ನೋಡಿ ಬಂದ ಮೇಲೆ ಇಬ್ಬರೂ ಮಾತನಾಡಿದರು. 'ಸಂಸ್ಕಾರ' ಕಾದಂಬರಿಯ ಬೀಜ ಆ ಸಂಜೆ ಬಿದ್ದಿತೆಂದು ಅವರೇ ಹೇಳಿಕೊಂಡಿದ್ದಾರೆ. ತೀರ್ಥಹಳ್ಳಿಯ ಕಡೆಯ ಅಗ್ರಹಾರವನ್ನು ಅವರು ಕಂಡುಕೊಂಡದ್ದು ಇಂಗ್ಲೆಂಡಿನ ಕೈಗಾರಿಕಾ ನಗರವೊಂದರಲ್ಲಿ. ಚಿತ್ರ ನೋಡುವುದಕ್ಕೆ ಒಬ್ಬರೇ ಹೋಗಿದ್ದರೂ ನೋಡಬಹುದಾಗಿತ್ತು; ನೋಡಿದ ಮೇಲೆ ಮಾತನಾಡುವುದಕ್ಕೆ ಆ ನಾಡಿನವನೊಬ್ಬ ಪಕ್ಕದಲ್ಲಿದ್ದುದು ಇಲ್ಲಿ ಮುಖ್ಯ.

ಈಗ ನಮ್ಮ ಕಡೆಗೆ ಬರೋಣ. ಪಶ್ಚಿಮ ಬೆಂಗಳೂರಿನಲ್ಲಿರುವ ವಿದ್ಯಾರ್ಥಿಗೆ ಒಂದು ದಿನದಲ್ಲಿ ಹೋಗಿಬರಬಹುದಾದ ಸುತ್ತೊಂದಿದೆ: ಕೆಂಗೇರಿಯಿಂದ ಬಿಡದಿ, ರಾಮನಗರ, ಅಲ್ಲಿಂದ ಮಾಗಡಿಯ ದಾರಿ ಹಿಡಿದು ಸಾವನದುರ್ಗ, ಮಂಚನಬೆಲೆಯ ಮೇಲೆ ಹಾಯ್ದು ಕೇತೋಹಳ್ಳಿಯ ದೊಡ್ಡ ಆಲದ ಮರ, ಮತ್ತೆ ಕೆಂಗೇರಿ. ಕೆಲವು ವರ್ಷಗಳ ಹಿಂದೆ, ನವೆಂಬರಿನ ಒಂದು ಭಾನುವಾರ ಐವರು ವಿದ್ಯಾರ್ಥಿಗಳು ಈ ದಾರಿಯಲ್ಲಿ ಹೊರಟಾಗ ನನ್ನನ್ನೂ ಜೊತೆಗೆ ಕರೆದರು. ಟಾಂಜಾನಿಯದವನೊಬ್ಬ, ಇಥಿಯೋಪಿಯದ ಹುಡುಗಿಯೊಬ್ಬಳು, ಇರಾನಿನವನೊಬ್ಬ, ನೇಪಾಳದವನೊಬ್ಬ, ಐದನೆಯವನು ಅವರ ಸಹಪಾಠಿಯಾದ ಹಾಸನದ ಹುಡುಗ. ಹಾಸನದವನಿಗೂ ಈ ದಾರಿ ಹೊಸದೇ. ಪರಸ್ಥಳದವನಾಗುವುದಕ್ಕೆ ಸಮುದ್ರವನ್ನೇ ದಾಟಬೇಕೆಂದಿಲ್ಲ.

ವಿಜಯನಗರದಿಂದ ಕೆಂಗೇರಿಯವರೆಗೆ ಮೆಟ್ರೋ ರೈಲು. 2021ರ ಆಗಸ್ಟಿನಿಂದ ಆ ಮಾರ್ಗ ತೆರೆದಿದೆ. ನಿಲ್ದಾಣಗಳ ಹೆಸರನ್ನು ಕೂಗುವಾಗ ಇಥಿಯೋಪಿಯದ ಹುಡುಗಿ, 'ಅತ್ತಿಗುಪ್ಪೆ ಎಂದರೇನು ಸರ್?' ಎಂದು ಕೇಳಿದಳು. ಅದು ಹಳ್ಳಿಯ ಹೆಸರು, ಹೊಸಹಳ್ಳಿಯೂ ಹಾಗೆಯೇ. ಬಡಾವಣೆಗಳಿಗೆ ನಾವು ಸಾಮ್ರಾಜ್ಯದ ಹೆಸರನ್ನು, ಶರಣರ ಹೆಸರನ್ನು, ಗವರ್ನರ್ ಜನರಲ್ಲರ ಹೆಸರನ್ನು ಇಟ್ಟೆವು. ಕೆಳಗಿದ್ದ ಹಳ್ಳಿಗಳ ಹೆಸರು ಹಲವು ಕಡೆ ಬಸ್ಸಿನ ಹಲಗೆಯಲ್ಲಿಯೂ ರೈಲು ನಿಲ್ದಾಣದಲ್ಲಿಯೂ ಮಾತ್ರ ಉಳಿದುಕೊಂಡಿದೆ. ಇರಾನಿನ ಹುಡುಗನಿಗೆ 'ಮೈಸೂರು ರಸ್ತೆ' ಎಂಬುದು ಅರ್ಧ ತಿಳಿದಿತ್ತು. 'ರಸ್ತೆ' ಅವನ ಭಾಷೆಯ ಮಾತು. ಜಮೀನು, ಬಜಾರು, ಗುಲಾಬಿ, ಖುಷಿ ಇವೂ ಪಾರಸಿಯಿಂದ ನಮ್ಮಲ್ಲಿಗೆ ಬಂದು ನೆಲೆಯೂರಿದ ಶಬ್ದಗಳು. ಟಾಂಜಾನಿಯದವನು ಸ್ವಾಹಿಲಿಯಲ್ಲಿ ವಾಹನಕ್ಕೆ 'ಗಾರಿ', ಅಂಗಡಿಗೆ 'ದುಕಾ', ಔಷಧಿಗೆ 'ದವಾ' ಎನ್ನುತ್ತಾರೆಂದ. ಗಾಡಿ, ದುಕಾನು, ದವಾಖಾನೆ ಎಂದು ನಾವು ಹೇಳಿದೆವು. ಹಿಂದೂ ಮಹಾಸಾಗರದ ವ್ಯಾಪಾರ ಶತಮಾನಗಳ ಕಾಲ ಮಾಡಿದ ಕೆಲಸ ಹತ್ತು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಯಿತು.

ನಾಯಂಡಹಳ್ಳಿಯ ಬಳಿ ಒಂದು ವಾಸನೆ ಬಂದೇ ಬರುತ್ತದೆ. ಕೆಳಗೆ ನೊರೆಗಟ್ಟಿದ ಕಪ್ಪು ನೀರು. 'ಅದು ಏನು?' ಎಂದು ಅತಿಥಿ ಕೇಳಿದಾಗ, ನಾಚಿಕೆಯಿಂದ 'ದೊಡ್ಡ ಮೋರಿ' ಎಂದು ಹೇಳಿ ಮಾತು ತಿರುಗಿಸುವುದು ನಮ್ಮ ವಾಡಿಕೆ. ಅದು ನದಿ. ಅದರ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಬಳಿ ಹುಟ್ಟಿತೆಂಬ ನಂಬಿಕೆಯಿಂದ ಆ ಹೆಸರು. ಮೈಸೂರು ರಸ್ತೆಯನ್ನು ಅನುಸರಿಸಿ, ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರ ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರಿ ಕೊನೆಗೆ ಕಾವೇರಿಯನ್ನು ಕೂಡುತ್ತದೆ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ 1974ರಿಂದ ಕಾವೇರಿಯಿಂದಲೂ ನಾವು ದೂರದ ನೀರನ್ನು ಮನೆಗೆ ತಂದುಕೊಂಡೆವು. ಬಳಸಿದ ನೀರನ್ನೂ ಕಾರ್ಖಾನೆಗಳ ಕೊಳೆಯನ್ನೂ ಪಕ್ಕದ ನದಿಗೆ ಬಿಟ್ಟೆವು. ಬೈರಮಂಗಲದ ಸುತ್ತಿನ ರೈತ ಆ ನೀರಿನಲ್ಲಿ ಬೆಳೆ ಬೆಳೆಯಬೇಕಾಯಿತು. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದಾಗ ಆ ಹುಡುಗಿ, 'ನಮ್ಮ ಆದಿಸ್ ಅಬಾಬದ ಅಕಾಕಿ ನದಿಯೂ ಹೀಗೆಯೇ ಆಗಿದೆ' ಎಂದಳು. ನಮ್ಮ ಕೊರತೆಯನ್ನು ಅತಿಥಿಗೆ ತೋರಿಸಿದರೆ ಗೌರವ ಕಳೆಯುತ್ತದೆಂಬ ಅಂಜಿಕೆ ಬೇಡ. ಅಲ್ಲಿಯವರೆಗೆ ಗೌರವದಿಂದ ಕೇಳುತ್ತಿದ್ದವಳು ಆ ಕ್ಷಣದಿಂದ ಸಮಾನಳಾಗಿ ಮಾತನಾಡತೊಡಗಿದಳು.

ಕೆಂಗೇರಿಯಲ್ಲಿ ಬಾಡಿಗೆಯ ವ್ಯಾನು ಕಾದಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವುದು ಈ ದಾರಿಯಲ್ಲಿ ಸಲ್ಲದು. ಹಿಟ್ಟನ್ನು ಹುದುಗು ಬರಿಸಿ ಬೇಯಿಸುವ ಕ್ರಮವನ್ನು ಇಥಿಯೋಪಿಯದವಳಿಗೆ ವಿವರಿಸಬೇಕಾಗಲಿಲ್ಲ. ಅವಳ ನಾಡಿನ ನಿತ್ಯದ ಊಟವಾದ 'ಇಂಜೆರ' ಕೂಡ ಹುದುಗು ಬಂದ ಹಿಟ್ಟಿನಿಂದ ಹೊಯ್ದ, ದೋಸೆಯನ್ನು ಹೋಲುವ ದೊಡ್ಡ ರೊಟ್ಟಿ. ಅದನ್ನು ಮಾಡುವುದು ರಾಗಿಗಿಂತಲೂ ಸಣ್ಣದಾದ 'ಟೆಫ್' ಎಂಬ ಧಾನ್ಯದಿಂದ.

ರಾಮನಗರದ ಬಂಡೆಗಳನ್ನು ನಮ್ಮಲ್ಲಿ ಅನೇಕರು ಬಲ್ಲದ್ದು 1975ರಲ್ಲಿ ಬಿಡುಗಡೆಯಾದ 'ಶೋಲೆ' ಚಿತ್ರದಿಂದ. ರಾಮದೇವರ ಬೆಟ್ಟದ ಬುಡದಲ್ಲಿ ಊರೊಂದನ್ನೇ ಕಟ್ಟಿ ಅದನ್ನು ಚಿತ್ರಿಸಿದರು. 2012ರಲ್ಲಿ ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದರು. ಭೂವಿಜ್ಞಾನಿಗಳಿಗೆ ಈ ಪ್ರದೇಶ ಪರಿಚಿತವಾಗಿರುವುದು ಬೇರೊಂದು ಹೆಸರಿನಿಂದ. ಮೈಸೂರಿನಲ್ಲಿ ಇಂಗ್ಲಿಷರ ಮೊದಲ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನ ನೆನಪಿಗೆ ಈ ಊರನ್ನು ಹಿಂದೆ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಊರಿನ ಹೆಸರು ಬದಲಾಯಿತು. ಕಲ್ಲಿನ ಹೆಸರು ಮಾತ್ರ ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್'. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಚಾಚಿರುವ ಈ ಶಿಲಾಪಟ್ಟಿ ಭೂಮಿಯ ಆಳದಲ್ಲಿ ಕರಗಿದ ದ್ರವವಾಗಿದ್ದು, ಸುಮಾರು 250 ಕೋಟಿ ವರ್ಷಗಳ ಹಿಂದೆ ನಿಧಾನವಾಗಿ ಆರಿ ಗಟ್ಟಿಯಾಯಿತು. ನಿಧಾನವಾಗಿ ಆರಿದುದರಿಂದಲೇ ಅದರಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳು ಕಟ್ಟಿಕೊಂಡಿವೆ. ಮೇಲಿನ ಮಣ್ಣು ಸವೆದು ಹೋದ ಮೇಲೆ ಮಳೆನೀರು ಬಿರುಕುಗಳಲ್ಲಿ ಇಳಿದು, ಮೂಲೆಗಳನ್ನು ಮೊದಲು ತಿಂದು, ಚೌಕದ ಕಲ್ಲನ್ನು ಗುಂಡಾಗಿ ಮಾಡಿತು. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳನ್ನು ಯಾರೂ ಪೇರಿಸಲಿಲ್ಲ. ನಡುವಿನದು ಕರಗಿ ಹೋಗಿ ಅವು ಉಳಿದವು.

ಇದನ್ನು ನಾನು ಹೇಳುತ್ತಿರುವಾಗ ಟಾಂಜಾನಿಯದ ಹುಡುಗ ನಗುತ್ತಿದ್ದ. ಅವನ ಊರು ವಿಕ್ಟೋರಿಯ ಸರೋವರದ ದಂಡೆಯ ಮ್ವಾಂಜಾ. ಆ ನಗರಕ್ಕೆ 'ಬಂಡೆಗಳ ಊರು' ಎಂದೇ ಹೆಸರು. ಮನೆಗಳ ನಡುವೆ, ನೀರಿನ ನಡುವೆ ಇಂಥವೇ ಗುಂಡುಕಲ್ಲುಗಳು. 'ಬಂದ ಮೇಲೆ ಮೊದಲ ಸಲ ನಮ್ಮೂರು ನೋಡಿದ ಹಾಗಾಯಿತು ಸರ್' ಎಂದ. ಅದು ಕೇವಲ ಭಾವನೆಯ ಮಾತಾಗಿರಲಿಲ್ಲ. ಅವನ ನಾಡಿನ ಶಿಲೆಗಳೂ ಅಷ್ಟೇ ಪ್ರಾಚೀನವಾದವು. ಭಾರತವೂ ಆಫ್ರಿಕವೂ ಒಂದು ಕಾಲಕ್ಕೆ ಒಂದೇ ಭೂಖಂಡದ ಭಾಗಗಳಾಗಿದ್ದು, 15 ಕೋಟಿ ವರ್ಷಗಳಿಗೂ ಹಿಂದೆ ಬೇರೆಯಾದವು. ಆ ಪುರಾತನ ಭೂಖಂಡಕ್ಕೆ ವಿದ್ವಾಂಸರು ಇಟ್ಟಿರುವ ಹೆಸರು ಗೊಂಡ್ವಾನ. ಅದು ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ ಬಂದುದು.

ಮಾಗಡಿಯ ದಾರಿಯಲ್ಲಿ ರಾಗಿಯ ಹೊಲಗಳು ತೆನೆ ತುಂಬಿ ನಿಂತಿದ್ದುವು. ವ್ಯಾನು ನಿಲ್ಲಿಸಿದಾಗ ಆ ಹುಡುಗ ತೆನೆಯೊಂದನ್ನು ಬೆರಳಿನಿಂದ ತಟ್ಟಿ ನೋಡಿ, 'ಉಲೇಜಿ' ಎಂದ. ಸ್ವಾಹಿಲಿಯಲ್ಲಿ ರಾಗಿಗೆ ಆ ಹೆಸರು. ಅವನ ಅಜ್ಜಿ ಅದರಿಂದ 'ಉಜಿ' ಎಂಬ ಗಂಜಿಯನ್ನು ಕಾಸುತ್ತಿದ್ದಳಂತೆ. ಇಥಿಯೋಪಿಯದಲ್ಲಿ ಅದು 'ದಗುಸ'. ನಾವು ನಮ್ಮದೆಂದು ಹೆಮ್ಮೆ ಪಡುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ಇಲ್ಲಿಯ ಕೆಂಪು ಮಣ್ಣಿಗೆ ಒಗ್ಗಿಕೊಂಡ ಧಾನ್ಯ ಅದು. ಮುದ್ದೆಯುಂಡು ಬೆಳೆದ ನಾವು, ಅದರ ತವರಿನಿಂದ ಬಂದವನನ್ನು ಪರಕೀಯನೆನ್ನುತ್ತೇವೆ.

ಹೊಲದ ಬದುವಿನಲ್ಲಿ ಕುಳಿತಿದ್ದ ಮುದುಕಿಯೊಬ್ಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಯಾವೂರಪ್ಪ ನಿಂದು?' ಎಂದು ಕೇಳಿದರು. ಅವನು ಕಲಿತಿದ್ದ ಅಲ್ಪ ಕನ್ನಡದಲ್ಲಿ, 'ದೂರ ಅಜ್ಜಿ' ಎಂದ. 'ಅವ್ವ ಅಪ್ಪ ಅವರಾ? ಊಟ ಆಯ್ತಾ?' ಎಂಬುದು ಆಕೆಯ ಮುಂದಿನ ಪ್ರಶ್ನೆ. ಬೆಂಗಳೂರಿಗೆ ಬಂದು ಎರಡು ವರ್ಷವಾಗಿದ್ದರೂ, ದಾರಿಯಲ್ಲಿ ಸಿಕ್ಕಿದ ಅಪರಿಚಿತರು ಯಾರೂ ತನ್ನ ತಾಯಿತಂದೆಯರನ್ನು ವಿಚಾರಿಸಿರಲಿಲ್ಲವೆಂದು ಅವನು ಆಮೇಲೆ ಹೇಳಿದ.

ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರು ಎತ್ತರದ ಏಕಶಿಲಾ ಬೆಟ್ಟ. ಇಂಥ ಬೆಟ್ಟಗಳಲ್ಲಿ ಏಷ್ಯದಲ್ಲಿಯೇ ಬಹು ದೊಡ್ಡವುಗಳ ಸಾಲಿಗೆ ಸೇರಿದ್ದು. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ಶಿಖರಗಳು. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಮಾಗಡಿಯ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಈ ಕೋಟೆ 1728ರಲ್ಲಿ ಮೈಸೂರಿನವರ ವಶವಾಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದನ್ನು ಟಿಪ್ಪು ಸುಲ್ತಾನನಿಂದ ಕಸಿದುಕೊಂಡಿತು.

ಈ ಬೆಟ್ಟಕ್ಕೆ ನನ್ನ ವಿಷಯಕ್ಕೆ ಬಹು ಸಮೀಪವಾದ ಇನ್ನೊಂದು ಕಥೆ ಅಂಟಿಕೊಂಡಿದೆ. ಇ. ಎಂ. ಫಾರ್‌ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯ' ಎಂಬ ಕಾದಂಬರಿಯಲ್ಲಿ ಭಾರತೀಯ ವೈದ್ಯನೊಬ್ಬ ಇಂಗ್ಲೆಂಡಿನಿಂದ ಬಂದ ಇಬ್ಬರು ಹೆಂಗಸರನ್ನು ಗುಹೆಗಳನ್ನು ತೋರಿಸಲು ಕರೆದೊಯ್ಯುತ್ತಾನೆ. ಆತಿಥ್ಯಕ್ಕೆ ಅವನು ಪಡದ ಪಾಡಿಲ್ಲ. ಆದರೂ ಆ ಸಂಚಾರ ಅಪನಂಬಿಕೆಯಲ್ಲಿ, ನ್ಯಾಯಾಲಯದಲ್ಲಿ ಕೊನೆಗೊಳ್ಳುತ್ತದೆ. ಆಳುವವರು, ಆಳಿಸಿಕೊಳ್ಳುವವರು ಎಂಬ ಗೋಡೆ ನಡುವೆ ಇರುವಾಗ ಒಂದು ದಿನದ ಪ್ರವಾಸದಿಂದ ಸ್ನೇಹ ಹುಟ್ಟೀತೆ ಎಂಬುದೇ ಆ ಕೃತಿ ಎತ್ತುವ ಪ್ರಶ್ನೆ. 1984ರಲ್ಲಿ ಡೇವಿಡ್ ಲೀನ್ ಅದನ್ನು ಚಿತ್ರವಾಗಿಸಿದಾಗ, ಕಾದಂಬರಿಯ ಗುಹೆಗಳಿಗಾಗಿ ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ಆರಿಸಿಕೊಂಡರು. ಗುಹೆಯ ಬಾಯಿಗಳನ್ನು ಇಲ್ಲಿಯ ಕಲ್ಲಿನಲ್ಲಿಯೇ ಕೊರೆಸಿದರು. ಇಂದು ನಮ್ಮ ಅತಿಥಿಗಳು ಆಳಲು ಬಂದವರಲ್ಲ, ಓದಲು ಬಂದವರು. ಆ ಗೋಡೆ ಈಗ ಇಲ್ಲ. ಹಾಗಿದ್ದೂ ಸ್ನೇಹ ತಾನಾಗಿಯೇ ಹುಟ್ಟುವುದಿಲ್ಲವೆಂಬುದನ್ನು ಬೆಂಗಳೂರು ಕಂಡಿದೆ.

2016ರ ಜನವರಿ 31ರ ರಾತ್ರಿ ನಗರದ ವಾಯವ್ಯಕ್ಕೆ, ಹೆಸರಘಟ್ಟದ ದಾರಿಯಲ್ಲಿ, ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕಾರಿನಲ್ಲಿ ಅಲ್ಲಿಗೆ ಬಂದ ಟಾಂಜಾನಿಯದ ವಿದ್ಯಾರ್ಥಿನಿಯನ್ನೂ ಅವಳ ಗೆಳೆಯರನ್ನೂ ಜನರ ಗುಂಪು ಹಿಡಿದು ಹೊಡೆಯಿತು. ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಸುಡಾನಿಗೂ ಟಾಂಜಾನಿಯಕ್ಕೂ ನಡುವೆ ದೇಶಗಳೇ ಇವೆ. ಗುಂಪಿನ ಕಣ್ಣಿಗೆ ಕಂಡದ್ದು ಬಣ್ಣವೊಂದೆ. ತಪ್ಪಿತಸ್ಥರನ್ನು ಹಿಡಿಯುವುದು ಕಾನೂನಿನ ಕೆಲಸ. ಆದರೆ ಆ ಗುಂಪಿನಲ್ಲಿ ಒಬ್ಬನಿಗಾದರೂ ಅಂಥ ಹುಡುಗಿಯೊಬ್ಬಳ ಹೆಸರು, ಊರು, ತಾಯಿಯ ಸುದ್ದಿ ಗೊತ್ತಿದ್ದರೆ, ಅವನ ಕೈ ತಡೆಯುತ್ತಿರಲಿಲ್ಲವೆ? ನಮ್ಮ ಜೊತೆಗಿದ್ದ ಹುಡುಗನ ಮನೆಯವರು ಆ ಸುದ್ದಿಯನ್ನು ಮ್ವಾಂಜಾದಲ್ಲಿ ಕೇಳಿದ್ದರು. ಮಗನನ್ನು ಬೆಂಗಳೂರಿಗೆ ಕಳಿಸುವ ಮುನ್ನ ತಾಯಿ ಎರಡು ಸಲ ಯೋಚಿಸಿದಳಂತೆ. ಈ ಮಾತನ್ನು ಅವನು ನನಗೆ ಹೇಳಿದ್ದು ನಮ್ಮ ಮನೆಯ ಮಹಡಿಯಲ್ಲಿ ಅಲ್ಲ. ಆ ಸಂಜೆ, ಕೇತೋಹಳ್ಳಿಯ ಆಲದ ಮರದ ಕೆಳಗೆ.

ಆ ಮರದ ವಿಷಯವನ್ನೂ ಹೇಳಬೇಕು. ಸುಮಾರು 3 ಎಕರೆ ನೆಲವನ್ನು ಆವರಿಸಿರುವ ಅದಕ್ಕೆ 400 ವರ್ಷಗಳ ವಯಸ್ಸೆಂದು ಅಂದಾಜು. ಇಂಗ್ಲಿಷಿನಲ್ಲಿ ಆಲಕ್ಕೆ 'ಬನಿಯನ್' ಎಂಬ ಹೆಸರು ಬಂದದ್ದು ಅದರ ನೆರಳಿನಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದ ಗುಜರಾತಿನ ವಾಣಿಯರಿಂದ. ನೇಪಾಳದ ಹುಡುಗ ಬಹಳ ಹೊತ್ತು ಸುತ್ತಿ, 'ಇದರಲ್ಲಿ ಮೂಲ ಕಾಂಡ ಯಾವುದು?' ಎಂದು ಕೇಳಿದ. ಅದು ಈಗ ಇಲ್ಲ. 2000ದ ಸುಮಾರಿಗೆ ರೋಗ ತಗುಲಿ ತಾಯಿಕಾಂಡ ನಶಿಸಿತು. ಮೇಲಿನಿಂದ ಇಳಿದ ಬಿಳಲುಗಳು ನೆಲವನ್ನು ಮುಟ್ಟಿ, ಬೇರು ಬಿಟ್ಟು, ಕಾಂಡಗಳಾಗಿ ಮರವನ್ನು ಹೊತ್ತುಕೊಂಡಿವೆ. ಆಲದ ಹಣ್ಣಿನ ಒಳಗೆ ಹೂಗಳಿರುತ್ತವೆ. ಆಲಕ್ಕೆಂದೇ ಮೀಸಲಾದ, ಬಹು ಸಣ್ಣ ಕಣಜವೊಂದು ಒಳಹೊಕ್ಕು ಪರಾಗವನ್ನು ಮುಟ್ಟಿಸಿದರೆ ಮಾತ್ರ ಬೀಜ ಕಟ್ಟುತ್ತದೆ. ಆ ಕಣಜವಿಲ್ಲದ ದೇಶದಲ್ಲಿ ನೆಟ್ಟರೆ ಮರ ಎತ್ತರವಾಗಿ ಬೆಳೆದೀತು, ನೆರಳೂ ಕೊಟ್ಟೀತು. ಬೀಜ ಮಾತ್ರ ಕಟ್ಟದು. ಪರದೇಶದ ವಿದ್ಯಾರ್ಥಿಗೂ ಪದವಿ ಎಲ್ಲಿದ್ದರೂ ದೊರೆಯುತ್ತದೆ. ಅದು ಫಲವತ್ತಾಗಬೇಕಾದರೆ ಆ ನೆಲದ ಯಾರಾದರೊಬ್ಬರು ಒಳಗೆ ಬರಬೇಕು.

ಇನ್ನು ಕೆಲವು ವ್ಯವಹಾರದ ಮಾತುಗಳು. ಹೊರನಾಡಿನವರನ್ನು ರಾತ್ರಿ ಉಳಿಸಿಕೊಳ್ಳುವ ವಸತಿಗೃಹದವರು 24 ಗಂಟೆಗಳೊಳಗೆ ಅಧಿಕಾರಿಗಳಿಗೆ ವರದಿ ಕಳಿಸಬೇಕೆಂಬ ನಿಯಮವಿದೆ. ಮನೆಯಲ್ಲಿ ಇರಿಸಿಕೊಂಡವರಿಗೂ ಈ ಹೊಣೆ ತಪ್ಪಿದ್ದಲ್ಲ. ಈ ತೊಡಕಿಗೆ ಹಿಂಜರಿದು ಸಣ್ಣ ಊರುಗಳ ಲಾಡ್ಜಿನವರು 'ಕೋಣೆ ಇಲ್ಲ' ಎಂದುಬಿಡುವುದುಂಟು. ಬಂದವನು ಅದನ್ನು ತಿರಸ್ಕಾರವೆಂದು ಭಾವಿಸುತ್ತಾನೆ. ನಿಯಮವನ್ನು ಮೊದಲೇ ತಿಳಿಸಿ ಹೇಳಿದರೆ ಆ ನೋವು ತಪ್ಪುತ್ತದೆ. ಒಂದೇ ದಿನದಲ್ಲಿ ಹಿಂದಿರುಗುವ ಪ್ರವಾಸ ಎಲ್ಲಕ್ಕಿಂತ ಸುಗಮ. ಆದರೂ ಪಾಸ್‌ಪೋರ್ಟಿನ ಮತ್ತು ನೋಂದಣಿ ಪತ್ರದ ಪ್ರತಿಗಳು ಜೊತೆಯಲ್ಲಿರಲಿ. ಸಾವನದುರ್ಗದ ಬಂಡೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಇಳಿಯುವಾಗ ದಾರಿ ತಪ್ಪುವವರು ಬಹಳ. ಮಧ್ಯಾಹ್ನದೊಳಗೆ ಕೆಳಗಿಳಿಯಬೇಕು. ಮಂಚನಬೆಲೆಯ ನೀರು ದಡದಲ್ಲಿ ಶಾಂತವಾಗಿ ಕಂಡರೂ ಒಳಗೆ ಆಳವೂ ಕೆಸರೂ ಉಂಟು. ಈಜು ಬಲ್ಲ ತರುಣರೇ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಎಚ್ಚರಿಕೆಯ ಹಲಗೆಯಲ್ಲಿರುವ ಕನ್ನಡವನ್ನು ಓದಲಾರದವನಿಗೆ ಅದನ್ನು ಓದಿ ಹೇಳುವವನೊಬ್ಬ ಜೊತೆಗಿರಬೇಕಾದುದು ಇದಕ್ಕಾಗಿಯೂ ಹೌದು.

ಇಷ್ಟಕ್ಕೆಲ್ಲ ಸಂಘಸಂಸ್ಥೆಗಳು ಬೇಕಿಲ್ಲ, ಸರ್ಕಾರದ ಯೋಜನೆಯೂ ಬೇಕಿಲ್ಲ. ಪಾಂಡಿತ್ಯವೂ ಬೇಕಾಗದು. ಆ ಮುದುಕಿ ಯಾವ ಭೂಗೋಳವನ್ನೂ ಓದಿದವರಲ್ಲ. ಆ ದಿನ ಎಲ್ಲರಿಗಿಂತ ಹೆಚ್ಚು ಪಾಠ ಹೇಳಿದವರು ಅವರೇ. ನಿಮ್ಮ ಮನೆಯ ಮಹಡಿಯಲ್ಲಿಯೋ ಎದುರಿನ ಮನೆಯಲ್ಲಿಯೋ ಹೊರನಾಡಿನ ವಿದ್ಯಾರ್ಥಿಗಳಿದ್ದರೆ, ವರ್ಷಕ್ಕೊಂದು ಭಾನುವಾರ ಅವರೊಡನೆ ಹೊರಡಿ. ಹೊರಡಲಾಗದಿದ್ದರೆ, ಅವರು ಹಿಂದಿರುಗಿದಾಗ ಬಾಗಿಲಲ್ಲಿ ನಿಂತು, 'ಎಲ್ಲಿಗೆ ಹೋಗಿದ್ದಿರಪ್ಪ? ಏನು ನೋಡಿದಿರಿ?' ಎಂದಾದರೂ ಕೇಳಿ. ನಿಮ್ಮ ಮಗನನ್ನೋ ಮಗಳನ್ನೋ ಇನ್ನೊಂದು ದೇಶದಲ್ಲಿ ಇದೇ ಮಾತನ್ನು ಯಾರಾದರೂ ಕೇಳಲಿ ಎಂದು ನೀವು ಹಾರೈಸುತ್ತಿದ್ದೀರಲ್ಲವೆ?